ಟಕ್ ಕೇಳಿತಾ?

ಅವರು ನನ್ನೊಡನೆ ಆಡಿದ ಮೊದಲ ಮಾತೇ ಬೈಗುಳ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಯೂನಿಯನ್ ಸಿಟಿಯ ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಗರಾಜ್ ಸೇಲ್ ಇಟ್ಟಿದ್ದರು. ಹತ್ತು ತಿಂಗಳ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿದ್ದ ನನ್ನ ಕಣ್ಣಿಗೆ ಮರದ ಗೇಟೊಂದು ಬಿತ್ತು. ಎಳೆದರೆ ಅಗಲವಾಗಿ, ಒತ್ತಿದರೆ ಮಡಚಿಕೊಳ್ಳುವಂಥದ್ದು. ಉದ್ದಕ್ಕೂ ವಜ್ರದಾಕಾರದ ಕಿಂಡಿಗಳು, ಮೇಲಂಚಿನಲ್ಲಿ ಸಾಲಾಗಿ ಗರಗಸದ ಹಲ್ಲು. ಮಗಳು ಅಂಬೆಗಾಲಿಟ್ಟು ಮೆಟ್ಟಿಲಿನ ಕಡೆಗೇ ಓಡುತ್ತಿದ್ದ ಕಾಲ ಅದು. ಪುಣ್ಯಕ್ಕೆ ಸಿಕ್ಕಿತು ಎಂದುಕೊಂಡು ಗೇಟಿಗೆ ಕೈ ಹಾಕಿದೆ. ಮಗಳು ಕೊಸರಾಡಿದಳು. "ಸುಮ್ನಿರೇ, ನಿನಗೇ ತಗೊಳ್ತಿರೋದು" ಎಂದು ಗದರಿದೆನಷ್ಟೇ, ಹಿಂದಿನಿಂದ ದನಿ ಬಂತು.

"ಅದನ್ನು ಕೆಳಗಿಡಿ ಮಾರಾಯ್ರೆ. ನಿಮಗೆ ಮಗು ಬೇಕೋ ಬೇಡವೋ?"

ತಿರುಗಿದರೆ ಎತ್ತರದ, ಬಡಕಲು ಮೈಯ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ನೂಲಿನ ಸೀರೆ, ಅದರ ಮೇಲೆ ಗಂಡಸರ ಜಾಕೀಟು, ತುರುಬಿನಲ್ಲಿ ಒಂದು ಚಪ್ಪಟೆ ಪೆನ್ಸಿಲು. ನನಗೆ ಮೈಯೆಲ್ಲ ಉರಿಯಿತು. ಗುರುತಿಲ್ಲ ಪರಿಚಯವಿಲ್ಲ, ಬೀದಿಯಲ್ಲಿ ನಿಂತು ಕೇಳುವ ಮಾತೇ ಇದು? ನಾನು ಮಂಡ್ಯದವಳು, ಬಾಯಿಗೆ ಬಂದದ್ದನ್ನು ಆಡಿಯೇ ಬಿಡುತ್ತಿದ್ದೆನೇನೋ. ಆಕೆ ಅಷ್ಟಕ್ಕೆ ಬಿಡಲಿಲ್ಲ. ನನ್ನ ಕೈಯಿಂದ ಗೇಟು ಕಿತ್ತುಕೊಂಡು, ನೆಲದ ಮೇಲೆ ಬಿಡಿಸಿ ನಿಲ್ಲಿಸಿ, ತಮ್ಮ ಮುಷ್ಟಿಯನ್ನು ಎರಡು ಹಲ್ಲುಗಳ ನಡುವೆ ಇಳಿಸಿದರು. ಗೇಟನ್ನು ಚೂರು ಒತ್ತಿದರು. ಮಣಿಕಟ್ಟು ಅಲ್ಲೇ ಸಿಕ್ಕಿಕೊಂಡಿತು.

"ಇದು ಮಗುವಿನ ಕುತ್ತಿಗೆ ಅಂತ ತಿಳ್ಕೊಳ್ಳಿ. ಹತ್ತಲಿಕ್ಕೆ ನೋಡ್ತದೆ, ಜಾರ್ತದೆ, ಇಲ್ಲಿ ಬಂದು ಕೂತ್ಕೊಳ್ತದೆ. ಕೂಗಲಿಕ್ಕೂ ಆಗುವುದಿಲ್ಲ ಅದಕ್ಕೆ. ನೀವು ಅಡಿಗೆಮನೆಯಲ್ಲಿ ಒಗ್ಗರಣೆ ಹಾಕ್ತಾ ಇರ್ತೀರಿ."

ಆಕೆ ಆ ಗೇಟನ್ನು ತಾವೇ ಕೊಂಡುಕೊಂಡರು. ಬೀದಿಗೆ ಬಂದವರೇ ಮೊಣಕಾಲಿಗೆ ಕೊಟ್ಟು ಪಟಪಟನೆ ಮುರಿದು ಕಸದ ಡಬ್ಬಿಗೆ ತುಂಬಿದರು. ಬೇರೆ ಯಾರೂ ಕೊಳ್ಳಬಾರದಲ್ಲ, ಅದಕ್ಕೆ. ಮಾರಿದ ಅಮೆರಿಕನ್ ಮುದುಕಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಹೋದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಎರಡು ವಾರ ಸುಮ್ಮನಿದ್ದೆ. ಯಾಕೆ ಇಲ್ಲ ಎಂಬುದನ್ನೇ ಬರೆದರಾಯಿತು ಎಂದು ಈಗ ಕೂತಿದ್ದೇನೆ.

ಬೇ ಏರಿಯಾದ ಕನ್ನಡದವರು ಅವರನ್ನು ಬೆನ್ನ ಹಿಂದೆ ಗೇಟಕ್ಕ ಅನ್ನುತ್ತಿದ್ದರು, ಎದುರಿಗೆ ಬರೀ ಅಕ್ಕ. ಉಡುಪಿ ಕಡೆಯವರು, ಮನೆಮಾತು ತುಳು. ಅಪ್ಪ ಕಡಲ ತೀರದಲ್ಲಿ ದೋಣಿ ಕಟ್ಟುತ್ತಿದ್ದ ಆಚಾರಿ. ಅವರ ಉಳಿ, ಕೊಡತಿ, ಮೂಲೆಮಟ್ಟಕ್ಕೆ ಕೈಹಚ್ಚಿದ ಮಗು ಇವರೊಬ್ಬರೇ ಅಂತೆ. ಇಲ್ಲಿ ವಾರದ ಐದು ದಿನ ಹೇವರ್ಡಿನ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ಮರ ಉಜ್ಜುವ ಕೆಲಸ. ಶನಿವಾರ, ಭಾನುವಾರ ತಮ್ಮ ಗರಾಜಿನಲ್ಲಿ ಗೇಟು. ಅದೂ ಕೇಳಿದವರಿಗೆಲ್ಲ ಮಾಡಿಕೊಡುತ್ತಿರಲಿಲ್ಲ. ಮೊದಲು ಮನೆಗೆ ಬಂದು ನೋಡಬೇಕು.

ಬಂದು ನೋಡುವುದೆಂದರೆ ನಾವು ನೀವು ನೋಡುವ ಹಾಗಲ್ಲ. ನಮ್ಮ ಮನೆಗೆ ಬಂದ ದಿನ ಕಾಫಿ ಬೇಡ ಎಂದರು, ಸೀರೆಯನ್ನು ಕಚ್ಚೆಯ ಹಾಗೆ ಸಿಕ್ಕಿಸಿದರು, ಬಾಗಿಲಲ್ಲೇ ಮೊಣಕಾಲೂರಿ ಅಂಬೆಗಾಲಿಡತೊಡಗಿದರು. ನನ್ನ ಮಗಳಿಗೆ ಪರಮಾನಂದ, ಪಕ್ಕದಲ್ಲಿ ತಾನೂ ಹೊರಟಳು. ಇಬ್ಬರೂ ಸೋಫಾದ ಸಂದಿಯಿಂದ ಹಿಡಿದು ಮೇಲಿನ ಬೆಡ್‌ರೂಮಿನವರೆಗೆ ಒಂದು ಸುತ್ತು ಹಾಕಿದರು. ಊರಿನಿಂದ ಬಂದಿದ್ದ ನನ್ನ ಅತ್ತೆ ಜಪಮಣಿ ಹಿಡಿದು ಬಾಗಿಲಲ್ಲಿ ನಿಂತು, "ಇವರಿಗೆ ಮೈ ಹುಷಾರಿದೆ ತಾನೇ?" ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

"ನಿಂತು ನೋಡಿದ್ರೆ ನಿಮ್ಮ ಮನೆ ಕಾಣ್ತದೆ, ಮಗುವಿನ ಮನೆ ಕಾಣುವುದಿಲ್ಲ" ಎಂದರು ಅಕ್ಕ, ಎದ್ದು ಮೊಣಕಾಲು ಒರೆಸಿಕೊಳ್ಳುತ್ತ.

ಅವರ ಚೀಲದಲ್ಲಿ ಟೇಪಿನ ಜೊತೆಗೆ ಒಂದು ಸಣ್ಣ ಹಿತ್ತಾಳೆ ಲೋಟ ಇರುತ್ತಿತ್ತು. ಗೇಟಿನ ಪಟ್ಟಿಗಳ ನಡುವೆ ಆ ಲೋಟ ತೂರಬಾರದು. "ಲೋಟ ದಾಟಿದ್ರೆ ಸೊಂಟ ದಾಟ್ತದೆ. ಸೊಂಟ ದಾಟಿದ ಮೇಲೆ ತಲೆ ದಾಟುವುದಿಲ್ಲ. ಅಲ್ಲಿಗೆ ಮುಗೀತು." ಇಂಥ ಮಾತನ್ನು ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳುತ್ತಿದ್ದರು. ಕೇಳಿದವರ ಎದೆ ಝಲ್ ಅನ್ನುತ್ತಿತ್ತು. ತಾಯಂದಿರಿಗೆ ಹೆದರಿಕೆ ಹುಟ್ಟಿಸುವುದು ಅವರಿಗೆ ಪಾಪವೆಂದೇ ಅನಿಸುತ್ತಿರಲಿಲ್ಲ.

ಅಂಗಡಿಯ ಗೇಟುಗಳೆಲ್ಲ ಕೆಟ್ಟವು ಎಂದೇನೂ ಅವರು ಹೇಳುತ್ತಿರಲಿಲ್ಲ. ಆದರೆ ಆರಿಸಲು ಅವರ ಜೊತೆ ಹೋದವರ ಮಾನ ಉಳಿಯುತ್ತಿರಲಿಲ್ಲ. ಅಂಗಡಿಯ ನೆಲದ ಮೇಲೆ ಕೂತು, ಗೋಡೆಗಳ ನಡುವೆ ಒತ್ತಿ ನಿಲ್ಲಿಸುವ ಗೇಟನ್ನು ಕಾಲಿನಿಂದ ಒದ್ದು ನೋಡುತ್ತಿದ್ದರು. ಎರಡು ಒದೆತಕ್ಕೆ ಅದು ಜಾರಿದರೆ, ಓಡಿ ಬಂದ ಸೇಲ್ಸ್‌ಮನ್ನಿಗೆ ಅವರದೇ ಇಂಗ್ಲಿಷಿನಲ್ಲಿ ಪಾಠ. "ಇದು ಕೆಳಗಿನ ಮೆಟ್ಟಿಲಿಗೆ ಆಗ್ತದೆ. ಮೇಲಿನ ಮೆಟ್ಟಿಲಿಗೆ ಇದನ್ನು ಇಟ್ಟವರು ಮಗುವನ್ನು ಗೇಟಿನ ಸಮೇತ ಕೆಳಗೆ ಕಳಿಸ್ತಾರೆ" ಎಂದು ನಮಗೆ ಕನ್ನಡದಲ್ಲಿ. ಮೇಲಿನ ಗೇಟನ್ನು ಗೋಡೆಯೊಳಗಿನ ಮರಕ್ಕೇ ಸ್ಕ್ರೂ ಹಾಕಿ ಕೂರಿಸಬೇಕು. ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಗೊಟ್ಟು, "ಇಲ್ಲಿ ಎಲುಬುಂಟು" ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಗೇಟು ತೆರೆದರೆ ಮನೆಯ ಕಡೆಗೇ ತೆರೆಯಬೇಕು, ಮೆಟ್ಟಿಲ ಕಡೆಗೆ ಕೂಡದು. ನೆಲಕ್ಕೆ ತಾಗಿ ಹೊಸ್ತಿಲಿನಂಥ ಅಡ್ಡಪಟ್ಟಿ ಕೂಡದು. "ಮಗು ಬೀಳುವ ಮೊದಲು ಅಜ್ಜಿ ಎಡವಿ ಬೀಳ್ತಾರೆ." ಬಾಡಿಗೆ ಮನೆ, ಗೋಡೆ ತೂತು ಮಾಡಿದರೆ ಮ್ಯಾನೇಜರ್ ಬೈತಾನೆ ಎಂದು ನಾನು ರಾಗ ಎಳೆದೆ. "ಗೋಡೆಯ ತೂತು ಮುಚ್ಚಲಿಕ್ಕೆ ಪುಟ್ಟಿ ಉಂಟು" ಎಂದರು. ಮುಂದಿನದನ್ನು ಹೇಳಲಿಲ್ಲ.

ಅವರ ಗೇಟಿನ ಜೀವ ಇದ್ದದ್ದು ಚಿಲಕದಲ್ಲಿ. ಗಟ್ಟಿಮರದ ಒಂದು ನಾಲಿಗೆ. ಗೇಟು ಪೂರ್ತಿ ಬಂದು ಕೂತಾಗ ಅದು ಎದುರಿನ ಗೂಡಿನೊಳಗೆ ಬೀಳುತ್ತಿತ್ತು, ಟಕ್ ಎಂದು. ದೊಡ್ಡವರು ಒಂದೇ ಕೈಯಲ್ಲಿ ಎತ್ತಬಹುದು, ಮಗುವಿಗೆ ಸಾಧ್ಯವಿಲ್ಲ. ಗೇಟು ಕೂರಿಸಿದ ಮೇಲೆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. ನನ್ನ ಗಂಡ, ರೆಡ್‌ವುಡ್ ಸಿಟಿಯಲ್ಲಿ ದೊಡ್ಡ ಕೆಲಸದಲ್ಲಿದ್ದ ಮನುಷ್ಯ, ಶಾಲೆಯ ಹುಡುಗನ ಹಾಗೆ ಗೇಟು ತೆರೆದು ಮುಚ್ಚಿ ತೋರಿಸಬೇಕಾಯಿತು.

"ಟಕ್ ಕೇಳಿತಾ?"

"ಕೇಳ್ತು ಅಕ್ಕ."

"ಕೇಳಿದ ಮೇಲೆ ಎಂತ ಮಾಡ್ಬೇಕು?"

"ಅಲ್ಲಾಡ್ಸಿ ನೋಡ್ಬೇಕು."

"ಹಾಂ. ಮುಚ್ಚದಿದ್ರೂ ಕಣ್ಣಿಗೆ ಮುಚ್ಚಿದ ಹಾಗೇ ಕಾಣ್ತದೆ. ಕಿವಿಯಲ್ಲಿ ಕೇಳಿ, ಕೈಯಲ್ಲಿ ಅಲ್ಲಾಡಿಸಿ. ಎರಡೂ ಆಗದೆ ಬೆನ್ನು ತಿರುಗಿಸಬಾರದು."

ಅತ್ತೆ ಮಾತ್ರ ಪರೀಕ್ಷೆಗೆ ನಿಲ್ಲಲಿಲ್ಲ. ಮಡಿಯಲ್ಲಿದ್ದೇನೆ ಎಂದು ರೂಮಿನೊಳಗೆ ಹೋದರು. ಅಕ್ಕ ಒಂದು ಗಳಿಗೆ ಆ ಬಾಗಿಲನ್ನೇ ನೋಡಿ, ಚೀಲಕ್ಕೆ ಡ್ರಿಲ್ಲು ತುಂಬಿದರು.

ಅತ್ತೆಯ ಮಡಿಯ ವಿಷಯ ಹೇಳಲೇಬೇಕು. ಹಾಸನದ ಮನೆಯಲ್ಲಿ ಮಡಿಬಟ್ಟೆ ಒಣಹಾಕಲು ಸೂರಿನ ಕೆಳಗೆ ಗಳುವಿತ್ತು, ಏರಿಸಿ ಇಳಿಸಲು ಕೋಲಿತ್ತು. ಇಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದೆಂದು ಮ್ಯಾನೇಜರ್ ಕಾಗದವನ್ನೇ ಕಳಿಸಿದ್ದ. ಡ್ರೈಯರಿನಲ್ಲಿ ಎಲ್ಲರ ಬಟ್ಟೆಯೂ ಹೊರಳಾಡಿದೆ. ಬಚ್ಚಲಿನ ಕಂಬಿ ಮೈಲಿಗೆ. ಮನೆಯೆಲ್ಲ ಹುಡುಕಿದ ಅತ್ತೆಗೆ ಕೊನೆಗೆ ಸಿಕ್ಕಿದ್ದು ಮೆಟ್ಟಿಲ ತುದಿಯ ಗೇಟು. ಎತ್ತರಕ್ಕಿದೆ, ಗಾಳಿಯಾಡುತ್ತದೆ. ಬೆಳಗ್ಗೆ ಸ್ನಾನವಾದ ಮೇಲೆ ಹಿಂಡಿದ ಕೆಂಪು ಸೀರೆಯನ್ನು ಮಡಿಕೆ ಮಾಡಿ ಅದರ ಮೇಲೆ ಹಾಕುತ್ತಿದ್ದರು. ಅದು ಒಣಗುವವರೆಗೆ ಯಾರೂ ಮುಟ್ಟುವಂತಿಲ್ಲ.

"ಗೇಟಿನ ಮೇಲೆ ಹಾಕ್ಬೇಡಿ ಅತ್ತೆ, ಚಿಲಕಕ್ಕೆ ಸಿಗತ್ತೆ" ಎಂದು ನಾನು ಹೇಳಿಯೇ ಇದ್ದೆ. ಒಂದು ದಿನ ಗೇಟು ಮುಚ್ಚಲು ಹೋಗಿ ಸೀರೆಗೆ ಕೈ ತಾಗಿತು. ಅತ್ತೆ ಆ ಚಳಿಯಲ್ಲಿ ಸೀರೆಯನ್ನು ಮತ್ತೆ ನೆನೆಸಿ, ತಾವೂ ಮತ್ತೆ ತಣ್ಣೀರು ಹುಯ್ದುಕೊಂಡರು. ಮೂರು ದಿನ ಜ್ವರ. ನನ್ನ ಗಂಡ ಮುಖ ಊದಿಸಿಕೊಂಡು, "ನಿಂಗೆ ಅಷ್ಟು ಅಡ್ಜಸ್ಟ್ ಮಾಡ್ಕೊಳಕ್ಕಾಗಲ್ವಾ?" ಎಂದರು. ಅಲ್ಲಿಂದ ನಾನು ಸೀರೆಗೆ ತಾಗದಂತೆ ಗೇಟು ಮುಚ್ಚುವ ಕಲೆ ಕಲಿತೆ. ಮೆಟ್ಟಿಲಿಳಿಯುತ್ತ ಕೆಳಗಿನ ಪಟ್ಟಿಯನ್ನು ಕಾಲ್ಬೆರಳಿನಿಂದ ಎಳೆದುಕೊಳ್ಳುವುದು. ಟಕ್ ಕೇಳಿದರೆ ಸರಿ, ಕೇಳದಿದ್ದರೆ ಇನ್ನೊಮ್ಮೆ ಎಳೆಯುವುದು. ಅಲ್ಲಾಡಿಸಿ ನೋಡುವುದನ್ನು ಬಿಟ್ಟೇಬಿಟ್ಟೆ.

ಆ ಶನಿವಾರ ಬೆಳಗ್ಗೆ ನನ್ನ ಗಂಡ ಆಫೀಸಿಗೆ ಹೋಗಿದ್ದರು. ಅತ್ತೆ ರೂಮಿನಲ್ಲಿ ಜಪದಲ್ಲಿದ್ದರು. ಆಗಷ್ಟೇ ನಡೆಯಲು ಕಲಿತಿದ್ದ ಮಗಳು ಮೇಲಿನ ಹಾಲಿನಲ್ಲಿ ಡಬ್ಬಿಗಳನ್ನು ಬಡಿಯುತ್ತಿದ್ದಳು. ನಾನು ಬಟ್ಟೆಯ ಬುಟ್ಟಿ ಹೊತ್ತು ಗರಾಜಿಗೆ ಇಳಿಯಬೇಕಿತ್ತು. ಕಾಲ್ಬೆರಳಿನಿಂದ ಪಟ್ಟಿ ಎಳೆದೆ. ಗೇಟು ಬಂದು ಕೂತಿತು. ಸದ್ದು ಬರಲಿಲ್ಲ. ಇನ್ನೊಮ್ಮೆ ಎಳೆದೆ. ಬರಲಿಲ್ಲ. ಕೈಯಲ್ಲಿ ಬುಟ್ಟಿ, ಎದುರಿಗೆ ಒದ್ದೆ ಸೀರೆ. ಮುಚ್ಚಿಕೊಂಡ ಹಾಗೇ ಕಾಣುತ್ತಿತ್ತು. ಎರಡು ನಿಮಿಷದ ಕೆಲಸ ತಾನೇ ಎಂದು ಇಳಿದುಹೋದೆ.

ವಾಷರಿನ ಮುಚ್ಚಳ ಹಾಕುತ್ತಿದ್ದಾಗ ಡಬ್ಬಿಯ ಸದ್ದು ನಿಂತಿತು. ನಿಂತದ್ದು ನನಗೆ ಗೊತ್ತಾಯಿತು. ಓಡಿದೆ. ಬಾಗಿಲು ತೆರೆಯುವಷ್ಟರಲ್ಲಿ ದಡದಡ ಸದ್ದು, ಆಮೇಲೆ ಏನೂ ಇಲ್ಲ.

ಅವಳು ಸೀರೆಯನ್ನು ಹಿಡಿದು ಎಳೆದಿದ್ದಳು. ಗೇಟು ಅವಳ ಕಡೆಗೇ ತೆರೆದುಕೊಂಡಿತ್ತು. ಹದಿಮೂರು ಮೆಟ್ಟಿಲ ಕೆಳಗೆ ನನ್ನ ಮಗಳು ಮುದುರಿ ಬಿದ್ದಿದ್ದಳು, ಅರ್ಧ ಮೈಗೆ ಕೆಂಪು ಸೀರೆ ಸುತ್ತಿಕೊಂಡಿತ್ತು, ಅಂಚು ಇನ್ನೂ ಮುಷ್ಟಿಯಲ್ಲಿತ್ತು. ಹುಬ್ಬಿನ ಮೇಲೆ ಸೀಳಿ ರಕ್ತ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಅಳಲಿಲ್ಲ. ಆಮೇಲೆ ಅತ್ತಳು. ಆ ಅಳುವಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ನೈನ್ ಒನ್ ಒನ್‌ಗೆ ಫೋನ್ ಮಾಡಿದೆ. ಆಂಬುಲೆನ್ಸ್ ಬರುವ ಮೊದಲು ನಾನು ಮಾಡಿದ ಇನ್ನೊಂದು ಕೆಲಸವಿದೆ. ಮಗುವಿನ ಮುಷ್ಟಿ ಬಿಡಿಸಿ, ಸೀರೆಯನ್ನು ಎಳೆದು, ಕಾಲಿನಿಂದ ಒತ್ತಿ ಒತ್ತಿ ಕ್ಲಾಸೆಟ್ಟಿನೊಳಗೆ ತಳ್ಳಿ ಬಾಗಿಲು ಹಾಕಿದೆ. ಅಂಥ ಹೊತ್ತಿನಲ್ಲೂ ಬುದ್ಧಿ ಅಲ್ಲಿಗೆ ಓಡಿತಲ್ಲ! ತಲೆಯೆತ್ತಿದರೆ ಮೆಟ್ಟಿಲ ತುದಿಯಲ್ಲಿ ಅತ್ತೆ ನಿಂತಿದ್ದರು.

ಆಸ್ಪತ್ರೆಯಲ್ಲಿ ಕಾಲರ್ ಬೋನ್ ಮುರಿದಿದೆ, ತಲೆಗೇನೂ ಆಗಿಲ್ಲ, ಹುಬ್ಬಿಗೆ ಹೊಲಿಗೆ ಸಾಕು ಎಂದರು. ಉಸಿರು ಬಿಟ್ಟೆ. ಅಷ್ಟರಲ್ಲಿ ಫೈಲು ಹಿಡಿದು ಒಬ್ಬಾಕೆ ಬಂದಳು, ಡಾಕ್ಟರೂ ಅಲ್ಲ ನರ್ಸೂ ಅಲ್ಲ. ಮನೆಯಲ್ಲಿ ಯಾರ‍್ಯಾರಿದ್ದರು? ನೀನು ಎಲ್ಲಿದ್ದೆ? ಗೇಟು ಇತ್ತೇ? ಮುಚ್ಚಿತ್ತೇ? ಮುಚ್ಚಿದ್ದು ಯಾರು? ಮಗುವನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಈ ದೇಶದಲ್ಲಿ ಕರೆದುಕೊಂಡು ಹೋಗಿಬಿಡುತ್ತಾರೆ ಎಂದು ನಮ್ಮವರೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ. ನಮ್ಮ ಗ್ರೀನ್ ಕಾರ್ಡು ಬೇರೆ ಇನ್ನೂ ಬಂದಿರಲಿಲ್ಲ.

"ಮುಚ್ಚಿತ್ತು. ನಾನೇ ಮುಚ್ಚಿದ್ದೆ. ಚಿಲಕ ತಾನಾಗೇ ಬಿಟ್ಟುಕೊಂಡಿತು" ಎಂದೆ ಇಂಗ್ಲಿಷಿನಲ್ಲಿ.

ಆಕೆ ಬರೆದುಕೊಂಡಳು. ನಾನು ತಿರುಗಿದರೆ ಪರದೆಯ ಪಕ್ಕದಲ್ಲಿ ಅಕ್ಕ ನಿಂತಿದ್ದರು. ನನ್ನ ಗಂಡ ಗಾಬರಿಯಲ್ಲಿ ಅವರಿಗೂ ಫೋನ್ ಮಾಡಿದ್ದರಂತೆ, ಗರಾಜಿನ ಕೆಲಸದ ಏಪ್ರನ್ನಿನಲ್ಲೇ ಓಡಿಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಖ ಬಿಳಿಚಿಕೊಂಡಿತ್ತು. ನನ್ನ ಹತ್ತಿರ ಏನೂ ಕೇಳದೆ, ಹೋಗಿ ಮಗುವಿನ ಪಾದ ಹಿಡಿದು ನಿಂತರು.

ಮರುದಿನ ಮನೆಗೆ ಬಂದರು. ಗೇಟಿನ ಮುಂದೆ ಕೂತು ಕೇಳಿದ್ದು ಒಂದೇ ಪ್ರಶ್ನೆ.

"ಟಕ್ ಕೇಳಿತ್ತಾ?"

ಮಗಳು ನನ್ನ ತೋಳಿನಲ್ಲಿದ್ದಳು, ಆಸ್ಪತ್ರೆಯವರು ಅವಳ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿದ್ದರು. ಅತ್ತೆಯ ರೂಮಿನ ಬಾಗಿಲು ಅರ್ಧ ತೆರೆದಿತ್ತು.

"ಕೇಳಿತ್ತು ಅಕ್ಕ."

ಅವರು ತಲೆಯಾಡಿಸಿದರು. ನನ್ನ ಮಾತನ್ನು ನಂಬಿಬಿಟ್ಟರು! ಆಮೇಲೆ ಎರಡು ಗಂಟೆ ಹೊತ್ತು ಗೇಟು ತೆರೆದು ಮುಚ್ಚಿದರು. ಟಕ್. ಅಲ್ಲಾಡಿಸುವುದು. ಟಕ್. ಅಲ್ಲಾಡಿಸುವುದು. ಚಿಲಕದ ನಾಲಿಗೆ ಬಿಚ್ಚಿ, ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ, ಮತ್ತೆ ಜೋಡಿಸಿದರು. ತಪ್ಪು ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ಕೆಳಗೆ ಅಡಿಗೆಮನೆಯಲ್ಲಿ ಆ ಒಂದೊಂದು ಟಕ್ಕನ್ನೂ ನಾನು ಎಣಿಸುತ್ತಿದ್ದೆ. ಕೊನೆಗೆ ಗೇಟನ್ನೇ ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

"ನನ್ನ ಕಣ್ಣಿಗೆ ಕಾಣದ ತಪ್ಪು ಎಂತದ್ದೋ ಉಂಟು. ಒಂದರಲ್ಲಿ ಉಂಟಾದ್ರೆ ಎಲ್ಲದರಲ್ಲೂ ಇರ್ತದೆ" ಎಂದು ಹೊರಟುಹೋದರು.

ಆ ಮಾತು ನನಗೆ ಅರ್ಥವಾದದ್ದು ಮುಂದಿನ ಭಾನುವಾರ, ವಾಲ್ನಟ್ ಕ್ರೀಕಿನಿಂದ ಸರೋಜ ಫೋನ್ ಮಾಡಿದಾಗ. ಸರೋಜ ನನ್ನ ಕಾಲೇಜಿನ ಗೆಳತಿ, ಮನೆಯಲ್ಲಿ ಹನ್ನೊಂದು ತಿಂಗಳ ಅವಳಿ ಮಕ್ಕಳು.

"ಏನೇ ಇದು, ಗೇಟಕ್ಕ ಮನೆಮನೆಗೂ ಹೋಗಿ ತಾವು ಹಾಕಿದ ಗೇಟ್ನೆಲ್ಲ ಬಿಚ್ಕೊಂಡು ಬರ್ತಿದಾರಂತೆ? ಐದು ಮನೆ ಆಯ್ತಂತೆ. ಮಧ್ಯಾಹ್ನ ನಮ್ಮನೆಗೆ ಬರ್ತಾರೆ. ನನಗೆ ಕೈಕಾಲೇ ಆಡ್ತಿಲ್ಲ. ಇವೆರಡೂ ಮೆಟ್ಟಿಲು ಕಂಡ್ರೆ ಬಿಡಲ್ಲ ಕಣೆ."

"ಬಿಚ್ಚಬೇಡಿ ಅನ್ನು."

"ಏನಂತ ಹೇಳ್ಲಿ? ನಿನ್ನ ಮಗು ಬಿದ್ದಿದ್ದಕ್ಕೇ ತಾನೇ ಬಿಚ್ತಿರೋದು?"

ಆಗಲೇ ಹೇಳಿಬಿಡಬಹುದಿತ್ತು. ಫೋನ್ ಇಟ್ಟು ಅಲ್ಲೇ ಕೂತೆ. ಐದು ಮನೆ. ಅಂದರೆ ಐದು ಮೆಟ್ಟಿಲುಸಾಲಿನ ತುದಿ ಒಂದು ವಾರದಿಂದ ಬರಿದಾಗಿದೆ, ನನ್ನ ಒಂದು ಸುಳ್ಳಿಗೆ. ಯಾವ ಮನೆಯಿಂದ ಯಾವಾಗ ಫೋನ್ ಬರುತ್ತದೋ! ನನ್ನ ಮಗಳಾದರೋ ಮೂಳೆ ಮುರಿದುಕೊಂಡು ಬದುಕಿದಳು. ಇನ್ನೊಬ್ಬರ ಮಗು ಆ ಮೂರು ಎಣಿಸಿದ ಮೇಲೂ ಅಳದೆ ಹೋದರೆ?

ಗಂಡ ಮನೆಯಲ್ಲಿರಲಿಲ್ಲ, ಫ್ರೀವೇಯಲ್ಲಿ ಕಾರೋಡಿಸಲು ನನಗೆ ಬರುತ್ತಿರಲಿಲ್ಲ. ಮಗಳನ್ನು ಎತ್ತಿಕೊಂಡು ಸ್ಟೇಷನ್ನಿಗೆ ಹೋಗಿ ಟ್ರೈನು ಹತ್ತಿದೆ. ಓಕ್ಲೆಂಡಿನಲ್ಲಿ ಇಳಿದು ಇನ್ನೊಂದು ಟ್ರೈನು ಹಿಡಿಯಬೇಕು. ಅದು ಬರಲೇ ಇಲ್ಲ, ಬರಲೇ ಇಲ್ಲ. ಮಗಳು ಜೋಳಿಗೆಯ ಕೈ ನೋವಿಗೆ ಕಿರಿಕಿರಿ ಮಾಡುತ್ತಿದ್ದಳು. ಪಕ್ಕದ ಬೆಂಚಿನವರು ಅವಳ ಹೊಲಿಗೆಯನ್ನು ನೋಡಿ, ನನ್ನನ್ನು ನೋಡಿ, ಮುಖ ತಿರುಗಿಸಿದರು. ವಾಲ್ನಟ್ ಕ್ರೀಕಿನಲ್ಲಿ ಇಳಿದು ಸರೋಜಳ ಮನೆಯವರೆಗೆ ಅವಳನ್ನು ಹೊತ್ತು ಅರ್ಧ ನಡೆದೆ, ಅರ್ಧ ಓಡಿದೆ.

ಗೇಟು ಆಗಲೇ ಬಿಚ್ಚಿತ್ತು. ಗೋಡೆಗೆ ಒರಗಿಸಿಟ್ಟಿದ್ದರು. ಅದಿದ್ದ ಜಾಗದಲ್ಲಿ, ಮೆಟ್ಟಿಲ ತುದಿಯಲ್ಲಿ, ಅಕ್ಕ ಕಾಲು ಚಾಚಿ ಅಡ್ಡ ಕೂತಿದ್ದರು. ಒಂದು ಮಗು ಅವರ ತೊಡೆಯನ್ನು ಹತ್ತುತ್ತಿತ್ತು, ಇನ್ನೊಂದನ್ನು ಕೈಯಿಂದ ತಡೆದಿದ್ದರು. ಸರೋಜಳ ಗಂಡ ಅಂಗಡಿಯ ಗೇಟು ತರಲು ಹೋಗಿದ್ದ, ಅವನು ಬರುವವರೆಗೆ ಕದಲುವುದಿಲ್ಲ ಎಂದಿದ್ದರಂತೆ. ನನ್ನನ್ನು ಕಂಡು ಮೊದಲು ಕೇಳಿದ್ದು, "ಮಗು ಹೇಗುಂಟು?"

ನಾನು ಮೆಟ್ಟಿಲ ನಡುವೆ ನಿಂತೇ ಹೇಳಿದೆ. ಸೀರೆ, ಕಾಲ್ಬೆರಳು, ಬುಟ್ಟಿ, ಕ್ಲಾಸೆಟ್ಟು, ಎಲ್ಲ. ಹಿಂದೆ ಸರೋಜ "ಅಯ್ಯೋ ದೇವರೇ" ಎಂದದ್ದು ಕೇಳಿಸಿತು. ಅಕ್ಕ ಮುಖದಲ್ಲಿ ಏನೂ ತೋರಿಸದೆ ಕೇಳಿದರು.

"ಟಕ್ ಕೇಳಿತಾ?"

"ಇಲ್ಲ ಅಕ್ಕ."

"ಅಲ್ಲಾಡಿಸಿ ನೋಡಿದ್ಯಾ?"

"ಇಲ್ಲ."

ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು. ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡರು.

"ಎಂಟು ದಿನ ಆಯ್ತು ಸರಿ ಉಂಡು. ಇದು ಅಪ್ಪ ಕಲಿಸಿದ ಕೈ. ಈ ಕೈಯಲ್ಲಿ ತಪ್ಪುಂಟು ಅಂತ ನಂಬಿದೆ ನಾನು. ನಿನ್ನ ಒಂದು ಮಾತಿಗೆ. ಕೆಲಸಕ್ಕೆ ಹೋದ್ರೆ ಉಳಿ ಹಿಡಿಲಿಕ್ಕೆ ಹೆದರಿಕೆ ಆಗ್ತದೆ, ಗೊತ್ತುಂಟಾ ನಿಂಗೆ?"

ಅವರ ಕಣ್ಣಿನಿಂದ ನೀರಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಮಕ್ಕಳು ಜಗ್ಗುತ್ತಿದ್ದವು. ನಾನು ಅತ್ತುಬಿಟ್ಟೆ. ಅವರು ಅದಕ್ಕೆ ಬೆಲೆ ಕೊಡಲಿಲ್ಲ.

"ಅಳುವುದು ಮತ್ತೆ. ಮಗುವನ್ನು ಸರೋಜಮ್ಮನ ಕೈಗೆ ಕೊಡು. ಬಂದು ಸ್ಕ್ರೂ ಹಿಡ್ಕೋ."

ಹೀಗೆ ಆ ಸಂಜೆ ಮತ್ತು ಮುಂದಿನ ಶನಿವಾರ ಅವರ ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ಕೂತು ನಾನು ಮನೆಮನೆಗೂ ಹೋದೆ. ಅವರು ಡ್ರಿಲ್ಲು ಹಿಡಿದರೆ ನಾನು ಸ್ಕ್ರೂ. ಕೆಲಸ ಶುರುವಾಗುವ ಮೊದಲು ಆ ಮನೆಯವರ ಮುಂದೆ ನಾನು ಹೇಳಬೇಕು, ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಾರೆ. ಮೊದಲ ಮನೆಯಲ್ಲಿ ನಾನು, "ನಮ್ಮತ್ತೆ ಮಡಿ ಸೀರೆ ಒಣಹಾಕಿದ್ರು..." ಎಂದು ಶುರು ಮಾಡಿದೆ. ಅಕ್ಕ ತಟ್ಟನೆ ತಿರುಗಿದರು.

"ಸೀರೆಯ ಸುದ್ದಿ ಬೇಡ. ಸೀರೆ ಅಲ್ಲಿ ಬಿದ್ದಿತ್ತು, ಅಷ್ಟೇ. ಟಕ್ ಕೇಳದೆ ಬೆನ್ನು ತಿರುಗಿಸಿದ್ದು ಯಾರು? ಅದನ್ನು ಹೇಳು."

"ನಾನು."

"ಹಾಂ."

ಆ ಎರಡಕ್ಷರವನ್ನು ನಾನು ಐದು ಮನೆಗಳಲ್ಲಿ ಹೇಳಿದೆ. ಕೆಲವರು ಸಮಾಧಾನ ಮಾಡಿದರು. ಒಬ್ಬಾಕೆ ಆಮೇಲೆ ವರ್ಷಗಟ್ಟಲೆ ನನ್ನ ಜೊತೆ ಮಾತು ಬಿಟ್ಟಳು. ಅವಳ ತಪ್ಪೆಂದು ನನಗೆ ಇವತ್ತಿಗೂ ಅನಿಸಿಲ್ಲ.

ಕೊನೆಯದು ನಮ್ಮ ಮನೆ. ಅಕ್ಕ ಬರುತ್ತಾರೆಂದು ನಾನು ನಂಬಿರಲಿಲ್ಲ. ಗೇಟು ಹೊತ್ತುಕೊಂಡು ಮೆಟ್ಟಿಲು ಹತ್ತಿದರು, ಹಳೆಯ ತೂತುಗಳಲ್ಲೇ ಕೂರಿಸಿದರು. ನನ್ನ ಗಂಡನ ಮುಂದೆಯೂ ನಾನು ಹೇಳಿದ್ದಾಯಿತು. ಡ್ರಿಲ್ಲಿನ ಸದ್ದು ನಿಂತಾಗ ಅತ್ತೆ ರೂಮಿನಿಂದ ಹೊರಬಂದರು. ಸ್ನಾನ ಮಾಡಿ ಮಡಿಯುಟ್ಟಿದ್ದರು. ಆ ದಿನದಿಂದ ಅವರು ನನ್ನನ್ನು ಕೆಂಪು ಸೀರೆ ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಸೀರೆಯನ್ನು ರೂಮಿನ ಕುರ್ಚಿಯ ಮೇಲೇ ಒಣಗಿಸಿಕೊಳ್ಳುತ್ತಿದ್ದರು.

"ಸೀರೆ ನಂದು ಕಣಮ್ಮ" ಎಂದರು ಅಕ್ಕನಿಗೆ. "ಅವಳು ಬೇಡ ಅಂತ ಹೇಳಿದ್ಲು. ನಾನು ಕೇಳ್ಲಿಲ್ಲ. ಅವತ್ತಿಂದ ಜಪಕ್ಕೆ ಕೂತ್ರೆ ಮಂತ್ರವೇ ಬಾಯಿಗೆ ಬರ್ತಿಲ್ಲ."

ಅಕ್ಕ ಡ್ರಿಲ್ಲು ಕೆಳಗಿಟ್ಟರು. ಗೇಟು ಮುಚ್ಚಿದರು. ಟಕ್. ಆಮೇಲೆ ಪಕ್ಕಕ್ಕೆ ಸರಿದು ನಿಂತರು.

"ಒಮ್ಮೆ ಅಲ್ಲಾಡಿಸಿ ನೋಡಿ ಅಮ್ಮಾ. ಅವತ್ತು ನೀವು ನೋಡ್ಲಿಲ್ಲ."

ಅತ್ತೆ ಗೇಟಿನ ಹತ್ತಿರ ಬಂದರು. ಅಕ್ಕನ ಬೆವರು, ಮರದ ಪುಡಿ, ನನ್ನ ಕೈ, ಎಲ್ಲ ಹತ್ತಿದ್ದ ಆ ಪಟ್ಟಿಯನ್ನು ಮಡಿಯಲ್ಲಿದ್ದವರು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಅಲ್ಲಾಡಿಸಿದರು. ಗೇಟು ಕದಲಲಿಲ್ಲ. "ಗಟ್ಟಿಯಾಗಿದೆ" ಎಂದರು. ಆ ದಿನ ನಾವು ಮೂವರು ಹೆಂಗಸರೂ ಒಟ್ಟಿಗೆ ಕೂತು ಊಟ ಮಾಡಿದೆವು.

ಅಕ್ಕ ನನ್ನನ್ನು ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಬಿಟ್ಟಂತೂ ಹಾಕಲಿಲ್ಲ. ನೀನು ಎನ್ನುವುದೇ ಉಳಿಯಿತು. ಆಮೇಲೆ ಯಾರಿಗೆ ಗೇಟು ಕೂರಿಸಲು ಹೋದರೂ ಸ್ಕ್ರೂ ಹಿಡಿಯಲು ನನಗೆ ಫೋನ್ ಬರುತ್ತಿತ್ತು. "ಶನಿವಾರ ಎಂತ ಮಾಡ್ತಿ? ಬಾ." ಹಬ್ಬ, ಮದುವೆ, ಮಗಳ ಗ್ರಾಜುಯೇಷನ್ನು, ಎಲ್ಲಿ ಸಿಕ್ಕಿದರೂ ಮೊದಲು ನನ್ನ ಮಗಳ ಹುಬ್ಬಿನ ಗೆರೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರುತ್ತಿದ್ದರು. ಆಮೇಲೆ ನನ್ನ ಕಡೆ ನೋಡುತ್ತಿದ್ದರು. ಅಷ್ಟೇ.

ಹೋದ ತಿಂಗಳು ಫ್ಯೂನರಲ್ ಹೋಮಿನಲ್ಲಿ ಜನ ತುಂಬಿದ್ದರು. ಅವರ ಗೇಟುಗಳ ಹಿಂದೆ ಬೆಳೆದ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಸರೋಜಳ ಅವಳಿಗಳೂ ಇದ್ದರು. ಕೊನೆಗೆ ಮನೆಯವರು ಮತ್ತು ಹತ್ತಿರದವರು ಮಾತ್ರ ಒಳಗೆ ಬನ್ನಿ ಎಂದರು. ಅಕ್ಕನ ಮಗ ನನ್ನನ್ನೂ ಕರೆದ. ಪೆಟ್ಟಿಗೆ ನಿಧಾನವಾಗಿ ದಹನದ ಒಲೆಯೊಳಗೆ ಸರಿಯಿತು. ಅಲ್ಲಿಯ ಮನುಷ್ಯ ಸ್ಟೀಲಿನ ಬಾಗಿಲನ್ನು ಎಳೆದು ಮುಚ್ಚಿದ.

ಟಕ್ ಎಂದಿತು.

ನನ್ನ ಬಲಗೈ ತಾನಾಗಿ ಮುಂದೆ ಹೋಯಿತು. ಏನು ಮಾಡುತ್ತಿದ್ದೇನೆ ಎಂದು ನನಗೇ ತಿಳಿಯುವ ಮೊದಲು ಆ ಬಾಗಿಲಿನ ಹಿಡಿಯತ್ತ ಚಾಚಿತ್ತು, ಅಲ್ಲಾಡಿಸಿ ನೋಡಲು. ಮಗಳು ಪಕ್ಕದಿಂದ ಮಣಿಕಟ್ಟು ಹಿಡಿದುಕೊಂಡಳು.

"ಇಟ್ಸ್ ಕ್ಲೋಸ್ಡ್, ಅಮ್ಮ" ಎಂದಳು ಮೆಲ್ಲಗೆ. "ಐ ಹರ್ಡ್ ಇಟ್."